ಹೊಳೆಯ ಮಂಜಿ ಕಡಲಿಗೆ ಹೋದ ವರ್ಷ

ಬೈಗೆ ಎಣ್ಣೆಯ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಸಾಯುವತನಕ ಬಿಡುವುದಿಲ್ಲ. ಬೈಗೆ ಎಂದರೆ ಬೂತಾಯಿ ಮೀನು. ಅದು ರಾಶಿ ರಾಶಿ ಬಿದ್ದ ವರ್ಷ ದೊಡ್ಡ ಕಡಾಯಿಯಲ್ಲಿ ಬೇಯಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು, ರಾಳದ ಪುಡಿ ಹಾಕಿ ಕುದಿಸಿ, ದೋಣಿಗಳ ಮೈಗೆ ಹಚ್ಚುತ್ತಿದ್ದರು. ಹಚ್ಚಿದವರ ಕೈ, ಉಟ್ಟ ಸೀರೆ, ಮಲಗುವ ಚಾಪೆ, ಕೊನೆಗೆ ಉಣ್ಣುವ ಗಂಜಿ, ಎಲ್ಲಕ್ಕೂ ಅದೇ ವಾಸನೆ. ಮದುವೆಯಾಗಿ ಹೋದ ಮನೆಯಲ್ಲಿ ನನ್ನ ಅತ್ತೆ ಎಷ್ಟೋ ದಿನ ನನ್ನ ಟ್ರಂಕನ್ನು ಜಗಲಿಯಿಂದ ಒಳಗೆ ಬಿಡಲಿಲ್ಲ. ಆ ವಾಸನೆ ಮರೆತೇಹೋಗಿದೆ ಎಂದುಕೊಂಡಿದ್ದೆ. ಹೋದ ವರ್ಷ ಮಗಳು, "ಅಮ್ಮಾ, ನಿಮ್ಮನಿ ಮಂಜಿ ಅಲ್ಲಿ ಇಟ್ಟಿರ್ ಅಂಬ್ರ್, ಕಂಡ್ಕಂಡ್ ಬಪ್ಪ ಬಾ" ಎಂದು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ತಂಪು ಕೋಣೆಯಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಮ್ಮ ಮಂಜಿ ಕುಳಿತಿತ್ತು. ಮೈಗೆಲ್ಲ ವಾರ್ನಿಶು, ಮೇಲಿಂದ ದೀಪ. "ಕರಾವಳಿಯ ಹೆಮ್ಮೆಯ ಸರಕು ನೌಕೆ, ಚಪ್ಪಟೆ ತಳ, ಒಂದೇ ಹಾಯಿ" ಎಂದು ಫಲಕ. ಮುಟ್ಟಬಾರದು ಎಂದು ಸುತ್ತ ಹಗ್ಗ ಬೇರೆ. ನಾನು ಹಗ್ಗದ ಕೆಳಗೆ ಕೈ ಹಾಕಿ ಎರಡು ಹಲಗೆ ಕೂಡುವ ಸಂದಿಯನ್ನು ಉಗುರಿನಿಂದ ಕೆರೆದು ಮೂಸಿದೆ. ಅಲ್ಲಿ ಇತ್ತು. ಹೆಮ್ಮೆಯಂತೆ! ಆ ಫಲಕ ಬರೆದವರಿಗೆ ನಮ್ಮ ಮನೆಯ ಒಂದು ಹೊತ್ತಿನ ಊಟ ಹಾಕಿಸಬೇಕಿತ್ತು ಅನ್ನಿಸಿತು.

ಆ ಮನೆ ಈಗಿಲ್ಲ. ಗಂಗೊಳ್ಳಿಯ ಹೊಳೆದಂಡೆಯಲ್ಲಿ ಅದು ಇದ್ದ ಜಾಗದಲ್ಲಿ ಐಸ್ ಪ್ಲಾಂಟಿನ ಗೋಡೆ ಎದ್ದಿದೆ. ನಿಮ್ಮಲ್ಲಿ ಕೆಲವರಿಗಾದರೂ ಅಂಥ ಮನೆಗಳ ನೆನಪಿರಬಹುದು: ಮುಂದೆ ಉದ್ದ ಜಗಲಿ, ಒಳಗೆ ಕತ್ತಲೆ, ಹಿಂದೆ ಮೀನು ಒಣಗಿಸುವ ಮರಳಂಗಳ, ಉಬ್ಬರದ ಹೊತ್ತಿಗೆ ಹಿತ್ತಲ ಮೆಟ್ಟಿಲವರೆಗೆ ಬಂದು ನಿಲ್ಲುವ ಹೊಳೆ. ನಮ್ಮದು ಅಳಿಯಕಟ್ಟಿನ ಮನೆ. ಆಸ್ತಿ ತಾಯಿಯಿಂದ ಮಗಳಿಗೆ, ಯಜಮಾನಿಕೆ ಮಾವನಿಂದ ಅಳಿಯನಿಗೆ. ಆಗ ಯಜಮಾನ ನನ್ನ ಅಜ್ಜಿಯ ಅಣ್ಣ, ದೊಡ್ಡಜ್ಜ. ಅವನ ನಂತರ ಆ ಪಟ್ಟ ಅಜ್ಜಿಯ ಒಬ್ಬನೇ ಮಗ, ನನ್ನ ಅಮ್ಮನ ತಮ್ಮ ಶೀನನಿಗೆ. ನಾವು ಮಕ್ಕಳಿಗೆ ಅವನು ಸಣ್ಣ ಮಾವ. ಪ್ರೀತಿಯ ಮಾತು ಆ ಮನೆಯಲ್ಲಿ ನಾನು ಕೇಳಿದ್ದು ಕಡಿಮೆ. ಕುಟುಕುವುದು, ಅಣಕಿಸುವುದು, ಅಡ್ಡಹೆಸರು ಇಡುವುದು, ಇವೇ ನಮ್ಮ ಮನೆಯ ಸರಸ. ಬಿದ್ದ ಮಗುವನ್ನು ಎತ್ತುವ ಮೊದಲು ಒಂದು ಸುತ್ತು ನಗಬೇಕು. ನಕ್ಕು ಸಾಕಾದ ಮೇಲೆ ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಂಜಿಯನ್ನು ಕಟ್ಟಿಸಿದ್ದು ಅಜ್ಜಿಯ ತಾಯಿಯ ಕಾಲದಲ್ಲಿ. ವಂಡ್ಸೆಯ ಕಡೆಯಿಂದ ಹೊಳೆಯಲ್ಲಿ ತೇಲಿಸಿ ತಂದ ಹೆಬ್ಬಲಸಿನ ದಿಮ್ಮಿಗಳನ್ನು ನಮ್ಮ ಹಿತ್ತಲಲ್ಲೇ ಕೊಯ್ದು, ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಮಾಡಿದ್ದಂತೆ. ಮಂಜಿ ಎಂದರೆ ಹಾಯಿ ಕಟ್ಟಿದ ಸರಕಿನ ದೋಣಿ ಎಂದು ನಿಮಗೆ ಗೊತ್ತೇ ಇದೆ. ಅದರಲ್ಲಿ ಎರಡು ಜಾತಿ. ಕಡಲ ಮಂಜಿಗೆ ಅಡಿಯಲ್ಲಿ ಉದ್ದಕ್ಕೂ ಒಂದು ಮರ ಇಳಿದಿರುತ್ತದೆ, ಗಾಳಿ ಪಕ್ಕದಿಂದ ತಳ್ಳಿದಾಗ ಅದು ನೀರನ್ನು ಕಚ್ಚಿ ಹಿಡಿಯುತ್ತದೆ. ಹೊಳೆಯ ಮಂಜಿಗೆ ಅದಿಲ್ಲ, ಅಡಿ ಚಪ್ಪಟೆ. ಮೊಣಕಾಲು ನೀರಿದ್ದರೂ ಹೋಗುತ್ತದೆ, ಇಳಿತದಲ್ಲಿ ಮರಳಿನ ಮೇಲೆ ನೆಟ್ಟಗೆ ಕೂರುತ್ತದೆ, ಹೊರೆ ಇಳಿಸುವವರಿಗೆ ಸುಖ. ನಮ್ಮದು ಅಂಥದ್ದು. ಬಸ್ರೂರಿನಿಂದ ಅಕ್ಕಿ, ಹೊಳೆಬದಿಯ ಕಾರ್ಖಾನೆಗಳಿಂದ ಹಂಚು ಹೇರಿಕೊಂಡು ಗಂಗೊಳ್ಳಿಗೆ ಬಂದು, ಅಲ್ಲಿ ನಿಂತ ಕಡಲ ಮಂಜಿಗಳಿಗೆ ಕೊಡುವುದು ಅದರ ಕೆಲಸ. ಅಳಿವೆಯನ್ನು, ಅಂದರೆ ಹೊಳೆ ಕಡಲಿಗೆ ಸೇರುವ ಬಾಯನ್ನು, ಅದು ಎಂದೂ ದಾಟಿದ್ದಿಲ್ಲ. ಸಣ್ಣ ಮಾವ ಅದರ ತಂಡೇಲ, ನಡೆಸುವವನು. ಐದು ಹೊಳೆ ಕೂಡುವ ಆ ನೀರಿನಲ್ಲಿ ಎಲ್ಲಿ ಮರಳು ಸರಿದಿದೆ, ಎಲ್ಲಿ ಸುಳಿ ಇದೆ ಎಂದು ಅವನು ಕೋಲು ಊರದೆ ಹೇಳುತ್ತಿದ್ದ. ಮೆತ್ತಗಿನ ಮನುಷ್ಯ. ನನ್ನನ್ನು ಹಂಚಿನ ರಾಶಿಯ ಮೇಲೆ ಕೂರಿಸಿಕೊಂಡು ಬಸ್ರೂರಿಗೆ ಕರೆದುಕೊಂಡು ಹೋಗಿ, ಬರುವಾಗ ಮಡಿಲು ತುಂಬ ಹುರಿಗಡಲೆ ಕೊಡಿಸುತ್ತಿದ್ದ.

ಮೆತ್ತಗಿನವರಿಗೆ ಆ ಮನೆ ಅಲ್ಲ. ನಮ್ಮಲ್ಲಿ ಊಟಕ್ಕೆ ಒಂದು ಕ್ರಮ ಇತ್ತು. ಮೀನಿನ ತಲೆ ಕಡಲಿಗೆ ಹೋಗುವ ಗಂಡಸರ ಬಟ್ಟಲಿಗೆ, ನಡುವಿನ ತುಂಡು ಉಳಿದ ಗಂಡಸರಿಗೆ, ಬಾಲ ಹೆಂಗಸರು ಮಕ್ಕಳಿಗೆ. ಬಡಿಸುವವಳು ಅಜ್ಜಿ. ಅವಳು ಸ್ವಂತ ಮಗನಿಗೆ ಬಾಲ ಬಡಿಸುತ್ತಿದ್ದಳು. ನನ್ನ ಬಟ್ಟಲಲ್ಲೂ ಬಾಲ, ಮೀಸೆ ಬಂದ ಸಣ್ಣ ಮಾವನ ಬಟ್ಟಲಲ್ಲೂ ಬಾಲ. ದೊಡ್ಡಜ್ಜ ಅದನ್ನು ನೋಡಿ, "ಹೊಳಿ ಕಪ್ಪಿಗೆ ಅದೇ ಜಾಸ್ತಿ" ಎನ್ನುತ್ತಿದ್ದ. ಹೊಳೆಯ ಕಪ್ಪೆ ಎಂಬುದು ಅವನು ಇಟ್ಟ ಅಡ್ಡಹೆಸರು. ಸಾಲಿನಲ್ಲಿ ಕುಳಿತವರೆಲ್ಲ ನಗುತ್ತಿದ್ದರು. ಸಣ್ಣ ಮಾವನೂ ನಗುತ್ತಿದ್ದ, ನಗದೆ ಇದ್ದರೆ ಇನ್ನೂ ಎರಡು ಮಾತು ಬೀಳುತ್ತವೆ ಎಂದು ಅವನಿಗೆ ಗೊತ್ತಿತ್ತು. ತಮಾಷೆ ಎಂದರೆ ತಮಾಷೆಯೇ, ಒಂದು ದಿನದ್ದಾದರೆ. ವರ್ಷಗಟ್ಟಲೆ ಎರಡು ಹೊತ್ತೂ ನಡೆದರೆ ಅದಕ್ಕೆ ಬೇರೆ ಹೆಸರಿದೆ.

ಅದು ಯುದ್ಧದ ಕಾಲ. ಅಕ್ಕಿಗೆ ಕಂಟ್ರೋಲು ಬಂದಿತ್ತು. ಸೀಮೆಎಣ್ಣೆ ಇಲ್ಲ, ಪೆಟ್ರೋಲ್ ಇಲ್ಲ, ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಕೆಮ್ಮುತ್ತ ಹೋಗುತ್ತಿದ್ದವು. ಬೈಂದೂರಿನ ಕಡೆ ಜನ ಗೆಣಸು ಬೇಯಿಸಿ ದಿನ ದೂಡುತ್ತಿದ್ದರು. ಅಲ್ಲಿಗೆ ಕಡಲಿನಲ್ಲಿ ಅಕ್ಕಿ ಕಳಿಸುವ ಮಾತು ಬಂದಾಗ ಬೇರೆ ಮಂಜಿಯವರು ಯಾರೂ ಒಪ್ಪಲಿಲ್ಲ. ಮಳೆಗಾಲ ಹತ್ತಿರವಾಗಿ ಕೃತ್ತಿಕೆ ನಕ್ಷತ್ರ ಹಿಡಿದಿತ್ತು, ಪಡುವಣದ ಗಾಳಿ ತಿರುಗಿತ್ತು, ಬುದ್ಧಿ ಇದ್ದವರೆಲ್ಲ ಮಂಜಿ ಮೇಲೆಳೆದು ತೆಂಗಿನ ಗರಿಯ ಮಡಲು ಹೊದೆಸುತ್ತಿದ್ದರು. ನಮ್ಮ ಮನೆಗೆ ಕಡಲ ಮಂಜಿಯೂ ಒಂದಿತ್ತು, ಅದಂತೂ ಕಲ್ಲಿಕೋಟೆಯಲ್ಲಿ ರಿಪೇರಿಗೆ ನಿಂತಿತ್ತು. ಹಾಗಿದ್ದೂ ದೊಡ್ಡಜ್ಜ ಕುಂದಾಪುರದ ಬಂದರಿನಲ್ಲಿ ನಾಲ್ಕು ಜನರ ನಡುವೆ ಮೀಸೆ ತಿರುವಿ, "ನಿಮ್ಗೆಲ್ಲ ಹೆದ್ರಿಕಿ ಆರೆ ಕೂಕಣಿ. ನಮ್ಮನಿ ಹೊಳಿ ಮಂಜಿ ಹೋತ್, ನಮ್ಮ್ ಶೀನ ಬಿಡ್ತ" ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಸಿದ ಬೈಂದೂರಿನ ಮೇಲೆ ಅವನಿಗೆ ಕನಿಕರ ಇತ್ತೆಂದು ನಾನು ನಂಬುವುದಿಲ್ಲ. ಅಲ್ಲಿದ್ದವರ ಎದುರು ತಾನು ಒಂದು ಮೊಳ ಎತ್ತರ ಕಾಣಬೇಕಿತ್ತು, ಅಷ್ಟೇ.

ಸಣ್ಣ ಮಾವ ಜೀವಮಾನದಲ್ಲಿ ಒಮ್ಮೆ ಎದುರು ಮಾತಾಡಿದ್ದು ಅವತ್ತು. ಜಗಲಿಯ ಕಂಬಕ್ಕೆ ಒರಗಿ ನಿಂತು, ಕಣ್ಣು ನೆಲದಲ್ಲಿಟ್ಟು, "ಮಾವಯ್ಯ, ಇದ್ರ ಅಡಿ ಕೂಕಂಬ ಮಣಿ ಇದ್ದಂಗೆ ಚಪ್ಪಟೆ ಇತ್ತ್. ಹೊಳಿಗ್ ಸೈ. ಅಳಿವೆ ದಾಂಟಿ ಪಕ್ಕದ್ ಗಾಳಿ ಹೊಡ್ದ್ರೆ ನಿಲ್ಲುದಿಲ್ಲೆ, ಮಗುಚಿ ಹೋತ್" ಅಂದ. ದೊಡ್ಡಜ್ಜ ಒಳಗೆ ತಿರುಗಿ, "ಹ್ವಾಯ್, ಇವಂಗೊಂದ್ ಸೀರಿ ತಕಂಬನ್ನಿ" ಎಂದು ಕೂಗಿದ. ಒಳಗಿಂದ ಹೆಂಗಸರ ನಗು ಬಂತು. ಆಮೇಲೆ ಮನೆಯೇ ಒಂದಾಗಿ ಅವನ ಮೇಲೆ ಬಿತ್ತು. ಅವನು ಸ್ನಾನಕ್ಕೆ ಹೋದರೆ ಯಾರೋ ಬಚ್ಚಲ ಗೂಟಕ್ಕೆ ಕುಪ್ಪಸ ಸಿಕ್ಕಿಸಿ ಬರುವರು. ಉಣ್ಣಲು ಕುಳಿತರೆ ಬಟ್ಟಲ ಪಕ್ಕ ಒಡೆದ ಬಳೆಯ ಚೂರು. ಆಳುಗಳು ಕೂಡ ಅವನನ್ನು ಕಂಡರೆ ಬೇರೆ ಕಡೆ ತಿರುಗಿ ಕೆಮ್ಮುವರು. ಹಗಲೆಲ್ಲ ಅವನು ಹೋಗಿ ಮಂಜಿಯ ನೆರಳಲ್ಲಿ ಕುಳಿತಿರುತ್ತಿದ್ದ. ನಾನು ಹತ್ತಿರ ಹೋದರೆ, "ಮನಿಗೆ ಹೋಗ್ ಮಗಾ, ನಿನ್ನೂ ನೆಗಿ ಮಾಡ್ತ್ರ್" ಎಂದು ಕಳಿಸುತ್ತಿದ್ದ.

ಇಷ್ಟಾದರೂ ಒಂದು ಬಾಗಿಲು ಬಾಕಿ ಇತ್ತು. ಮಂಜಿ ಹೆಣ್ಣಿನ ಕಡೆಯ ಆಸ್ತಿ. ಅದು ಹೊಸ ದಾರಿಗೆ ಹೊರಡುವ ಮೊದಲು ಮನೆಯ ಹಿರಿಯ ಹೆಂಗಸು ತನ್ನ ಕೈಯಾರೆ ತಂಡೇಲನಿಗೆ ವೀಳ್ಯ ಕೊಡಬೇಕು, ಅವನು ಅವಳ ಎದುರೇ ಅದನ್ನು ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಹಿಂದೆ ತಿರುಗುವಂತಿಲ್ಲ. ಕೊಡದಿದ್ದರೆ ಯಜಮಾನನಿರಲಿ, ದೇವರೇ ಬಂದು ಹೇಳಿದರೂ ಮಂಜಿ ಕದಲುವಂತಿಲ್ಲ. ಆ ಕೈ ನಮ್ಮ ಅಜ್ಜಿಯದು. ಅವಳು ಬೇಡ ಅಂದಿದ್ದರೆ ದೊಡ್ಡಜ್ಜ ನಾಲ್ಕು ದಿನ ಕುಂದಾಪುರದ ಪೇಟೆಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದ, ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. ನನ್ನ ಅಮ್ಮ ಅಡುಗೆಮನೆಯಲ್ಲಿ ಅವಳ ಕಾಲ ಬಳಿ ಕುಳಿತು, "ಅಬ್ಬಿ, ಇಪ್ಪುದ್ ಒಬ್ನೇ ಮಗ" ಅಂದಳು. ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಒಬ್ನೇ ಆರೂ ಗಂಡ್ ಆಯ್ಕಲ್ದಾ? ನನ್ ಹೊಟ್ಟಿಯಂಗೆ ಕಪ್ಪಿ ಹುಟ್ತ್ ಅಂಬ್ದ್ ಕೇಂಡ್ ಕೇಂಡ್ ಸಾಕಾಯ್ತ್ ನಂಗೆ." ಆ ಹೆಸರನ್ನು ಇಟ್ಟವರಿಗೆ ಅಡ್ಡ ಬಾರದೆ, ಇಡಿಸಿಕೊಂಡ ಮಗನ ಮೇಲೆ ಸಿಟ್ಟಾದವಳು ಅವಳು. ಅವಮಾನ ಆದಾಗ ಮಾಡಿದವರನ್ನು ಬಿಟ್ಟು ಆದವರನ್ನು ಹೊಡೆಯುವುದು ನಮ್ಮ ಮನೆಯ ಹೆಂಗಸರಿಗೆ ಹಾಲಿನೊಂದಿಗೆ ಬಂದ ವಿದ್ಯೆ.

ಹೊರಡುವ ದಿನ ಮಧ್ಯಾಹ್ನ ಅಜ್ಜಿ ಅಂಜಲ್ ಮೀನಿನ ತಲೆಯನ್ನು ಸಣ್ಣ ಮಾವನ ಬಟ್ಟಲಿಗೆ ಹಾಕಿದಳು. ಯಾರೂ ನಗಲಿಲ್ಲ. ಅವನು ಅದನ್ನು ಸ್ವಲ್ಪ ಹೊತ್ತು ನೋಡಿದ, ಆಮೇಲೆ ಅನ್ನವನ್ನು ಮಾತ್ರ ಸಾರಿನಲ್ಲಿ ಕಲಸಿ ಉಂಡು ಎದ್ದ. ತಲೆ ಹಾಗೇ ಇತ್ತು. ಜಗಲಿಯಲ್ಲಿ ಅಜ್ಜಿ ವೀಳ್ಯದ ತಟ್ಟೆ ಹಿಡಿದು ನಿಂತಳು. ಅವನು ಅವಳ ಮುಖ ನೋಡಿ ಬಹಳ ಸಣ್ಣ ದನಿಯಲ್ಲಿ, "ಅಬ್ಬಿ, ಕೊಡ್ತ್ಯಾ?" ಅಂದ. ಅವಳು, "ತಕೋ" ಅಂದಳು. ಅವನು ತೆಗೆದುಕೊಂಡು ಬಾಯಿಗೆ ಹಾಕಿದ. ಅಷ್ಟೇ ನಡೆದದ್ದು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಂಜಿಯಲ್ಲಿ ಅವನ ಜೊತೆ ಇದ್ದದ್ದು ಇಬ್ಬರು ಆಳುಗಳು, ಮುದುಕ ಕುಷ್ಟ ಮತ್ತು ಹೊಸದಾಗಿ ಮದುವೆಯಾದ ಬಚ್ಚ. ಇಳಿತದ ಜೊತೆ ಅವರು ಅಕ್ಕಿ ಹೇರಿಕೊಂಡು ಅಳಿವೆಯ ಕಡೆ ಹೋದರು. ನಾವೆಲ್ಲ ಮರಳ ದಿಬ್ಬದ ಮೇಲೆ ನಿಂತು ನೋಡಿದೆವು. ಅಳಿವೆ ದಾಟುವವರೆಗೆ ಮಂಜಿ ಚಂದವೇ ಹೋಯಿತು. ಬಡಗು ಮುಖ ಮಾಡಿ ಹಾಯಿ ಬಿಚ್ಚಿದರು, ಪಡುವಣದಿಂದ ಒಂದು ಗಾಳಿ ಬಂತು, ಮಂಜಿ ನೀರಿನ ಮೇಲೆ ಅಡ್ಡಡ್ಡ ಜಾರಿತು, ಹಿಂದೆಯೇ ಬಂದ ತೆರೆಗೆ ಪಕ್ಕ ಕೊಟ್ಟು ಮಗುಚಿತು. ಅವನು ಹೇಳಿದ ಹಾಗೆಯೇ, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ. ದಿಬ್ಬದ ಮೇಲೆ ಯಾರೋ ಅರಚಿದರು. ದೊಡ್ಡಜ್ಜ ಮಾತ್ರ ಅಕ್ಕಿ ಹೋಯಿತಲ್ಲ ಎಂದು ತಲೆಗೆ ಕೈ ಹೊತ್ತು ಕುಳಿತ. ನನ್ನ ಕಿವಿಯಾರೆ ಕೇಳಿದ್ದೇನೆ.

ಉಬ್ಬರ ತಿರುಗಿದಾಗ ಮಂಜಿ ತಾನಾಗಿ ಹೊಳೆಗೆ ಬಂತು. ಹೊಟ್ಟೆ ಮೇಲಾಗಿ ತೇಲುತ್ತ, ಚಪ್ಪಟೆ ಅಡಿಯ ಮೇಲೆ ಕುಷ್ಟನನ್ನು ಹೊತ್ತುಕೊಂಡು. ಹಾಯಿ ಕಟ್ಟುವ ಕೂವೆಮರ ಮುರಿದಿತ್ತು, ಉಳಿದಂತೆ ಒಂದು ಹಲಗೆಗೂ ಪೆಟ್ಟಿಲ್ಲ. ಕುಷ್ಟ ನಡುಗುತ್ತ ಹೇಳಿದ: ಮೂವರೂ ಹತ್ತಿ ಕುಳಿತಿದ್ದೆವು, ಬಚ್ಚನನ್ನು ತೆರೆ ಎಳೆದುಕೊಂಡಿತು, ತಂಡೇಲರು ಅವನನ್ನು ಹಿಡಿಯಲು ಹಾರಿದರು, ಆಮೇಲೆ ಇಬ್ಬರೂ ಕಾಣಲಿಲ್ಲ. ಇದನ್ನು ಅವನು ಎಲ್ಲರೆದುರು ಹೇಳಿದ. ಕೇಳಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಬಚ್ಚನ ಹೆಣ ಮರುದಿನ ಬೆಳಿಗ್ಗೆ ಕೋಡಿಯ ದಂಡೆಗೆ ಬಂತು. ಅದೇ ದಿನ ಇಳಿಹೊತ್ತಿನಲ್ಲಿ ಸಣ್ಣ ಮಾವ ನಡೆದುಕೊಂಡು ಬಂದ. ತೆರೆಗಳು ಅವನನ್ನು ಮರವಂತೆಯ ಮರಳಿಗೆ ಎಸೆದಿದ್ದವು. ಅಲ್ಲಿಂದ ಬರಿಗಾಲಲ್ಲಿ, ಯಾರೋ ಕೊಟ್ಟ ಪಂಚೆ ಸುತ್ತಿಕೊಂಡು ಬಂದಿದ್ದ. ನಾನು "ಸಣ್ಣ ಮಾವ ಬಂದ" ಎಂದು ಕೂಗುತ್ತ ಓಡಿದೆ. ಅಮ್ಮ ಚೆಂಬಿನಲ್ಲಿ ನೀರು ತೆಗೆದುಕೊಂಡು ಹೊರಗೆ ಬಂದಳು.

ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. ಅಮ್ಮನ ಕೈಯ ಚೆಂಬನ್ನು ತೆಗೆದು ಕೆಳಗಿಟ್ಟಳು. ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಂಜಿ ಬಂತ್. ಬಿಟ್ಟ್ ಓಡ್ದವ ನೀ ಎಂತಕ್ ಬಂದೆ?" ಅಂದಳು. ಇಡೀ ರಾತ್ರಿ ಅವನಿಗಾಗಿ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಎದೆ ಬಡಿದುಕೊಂಡವಳೂ ಅವಳೇ. ಎಷ್ಟೋ ಸಲ ಯೋಚಿಸಿದ್ದೇನೆ. ಬಚ್ಚನ ಸಾವಿನ ಹೊಣೆ ಹೊರಲು ಒಂದು ತಲೆ ಬೇಕಿತ್ತು. ದೊಡ್ಡಜ್ಜನ ಬಾಯಿಯೋ, ಅವಳ ಕೈಯೋ, ಇಲ್ಲ ಮಗನ ಕಾಲೋ. ಅಂಗಳದಲ್ಲಿ ಬಚ್ಚನ ಹೆಂಡತಿ ಕುಳಿತಿದ್ದಳು, ಹತ್ತು ಜನ ನೋಡುತ್ತಿದ್ದರು. ಅಜ್ಜಿ ಮಗನನ್ನು ಆರಿಸಿದಳು. ಕುಷ್ಟ, "ಅಮಾ, ಅವ್ರ್ ಓಡುಕ್ ಹಾರದ್ದಲ್ದೇ" ಎಂದು ಬಾಯಿ ತೆರೆದ. ದೊಡ್ಡಜ್ಜ ಗದರಿದ ಮೇಲೆ ಸುಮ್ಮನಾದ. ಸಣ್ಣ ಮಾವ ಬಚ್ಚನ ಹೆಂಡತಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕುಳಿತ, ಎದ್ದ, ಬಂದ ದಾರಿಯಲ್ಲೇ ಹೋದ. ಬೊಂಬಾಯಿಯ ಹೋಟೆಲೊಂದರಲ್ಲಿ ಇದ್ದಾನೆಂದು ಎಷ್ಟೋ ತಿಂಗಳ ಮೇಲೆ ತಿಳಿಯಿತು.

ಮಂಜಿ ಉಳಿದದ್ದು ಆಮೇಲೆ. ಅದನ್ನು ಮತ್ತೆ ನೀರಿಗೆ ಇಳಿಸಬಾರದು, ಒಡೆದು ಸೌದೆ ಮಾಡಲೂ ಬಾರದು ಎಂದಳು ಅಜ್ಜಿ. ಹಿತ್ತಲಲ್ಲಿ ಅದಕ್ಕೊಂದು ಮಡಲಿನ ಚಪ್ಪರ ಕಟ್ಟಿಸಿದಳು. ಪ್ರತಿ ವರ್ಷ ಮಳೆಗೆ ಮೊದಲು, ಆಳುಗಳ ಕೈಗೆ ಕೊಡದೆ, ತಾನೇ ಬೈಗೆ ಎಣ್ಣೆ ಕುದಿಸಿ, ತೆಂಗಿನ ಸಿಪ್ಪೆ ಅದ್ದಿ ಅದ್ದಿ ಬಳಿಯುತ್ತಿದ್ದಳು. ಮನೆಯ ದೈವಕ್ಕೂ ಅಷ್ಟು ತಪ್ಪದೆ ಎಣ್ಣೆ ಸಿಕ್ಕಿರಲಿಕ್ಕಿಲ್ಲ. ದೊಡ್ಡಜ್ಜ ಆ ಕಡೆ ಸುಳಿಯುತ್ತಿರಲಿಲ್ಲ. ಅವಳ ಕಾಲದ ನಂತರ ಅಮ್ಮ ಆ ಕೆಲಸ ಮಾಡಿದಳು, ಅಮ್ಮನ ನಂತರ ಯಾರೋ ವರ್ಷ ಬಿಟ್ಟು ವರ್ಷ ಮಾಡಿದರು. ಕೊನೆಗೆ ಮನೆ ಮುರಿಯುವಾಗ ಪೇಟೆಯವರು ಬಂದು, ಇಂಥದ್ದು ಕರಾವಳಿಯಲ್ಲೇ ಇನ್ನೊಂದಿಲ್ಲ ಎಂದು ಹೊತ್ತುಕೊಂಡು ಹೋದರು. ಒಂದು ಮನೆ ತನ್ನ ಮಗನನ್ನು ಹೊರಗೆ ಹಾಕಿ ಮರವನ್ನು ಇಟ್ಟುಕೊಂಡದ್ದರಿಂದ ನಿಮಗೆ ಇವತ್ತು ಅದನ್ನು ನೋಡುವ ಭಾಗ್ಯ.

ಸ್ವಾತಂತ್ರ್ಯ ಬಂದ ಮರು ವರ್ಷ ನನಗೆ ಮದುವೆಯಾಯಿತು, ಕೆಲವು ತಿಂಗಳ ಮೇಲೆ ಗಂಡನ ಜೊತೆ ಬೊಂಬಾಯಿಗೆ ಹೋದೆ. ಕೋಟೆಯ ಹತ್ತಿರ ಒಂದು ಹೋಟೆಲಿನಲ್ಲಿ ಸಣ್ಣ ಮಾವನನ್ನು ಹುಡುಕಿ ಕಂಡೆ. ಕೂದಲು ಉದುರಿತ್ತು, ಮಾತಿನಲ್ಲಿ ಅರ್ಧ ಹಿಂದಿ ಸೇರಿತ್ತು. ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡ. ನಿನ್ನ ಅಮ್ಮ ಹೇಗಿದ್ದಾಳೆ ಅಂದ. ಕುಷ್ಟ ಇದ್ದಾನಾ ಅಂದ. ಬಚ್ಚನ ಹೆಂಡತಿಗೆ ಯಾರು ದಿಕ್ಕು ಅಂದ. ಮಂಜಿ ಇದೆಯಾ, ಅದರ ಅಡಿಯ ಹಲಗೆ ಬಿರಿದಿದೆಯಾ ಅಂದ. ನಾನಾಗಿಯೇ, "ಅಜ್ಜಿ ಕಣ್ಣ್ ಮಂಜ್ ಆಯ್ತ್ ಮಾವ" ಅಂದೆ. ಅವನು, "ಚಾ ಕುಡಿ, ತಣೀತ್" ಅಂದ.

ಮುಂದಿನ ಬೇಸಿಗೆಯಲ್ಲಿ ಊರಿಗೆ ಬಂದಾಗ ಅಜ್ಜಿ ಚಪ್ಪರದಲ್ಲಿ ಎಣ್ಣೆ ಬಳಿಯುತ್ತಿದ್ದಳು. ಕಣ್ಣು ಕಾಣದೆ ಅಂಗೈಯಿಂದ ತಡವಿ ತಡವಿ ಒಣಗಿದ ಜಾಗ ಹುಡುಕುತ್ತಿದ್ದಳು. ನಾನು ಅವನನ್ನು ಕಂಡ ಸುದ್ದಿ ಅವಳಿಗೆ ಅಮ್ಮನಿಂದ ಮೊದಲೇ ತಿಳಿದಿತ್ತು. ತಿರುಗದೆ ಕೇಳಿದಳು:

"ಎಂತ ಕೇಂಡ ಅವ?"

"ಅಮ್ಮನ್ ಕೇಂಡ. ಕುಷ್ಟನ್ ಕೇಂಡ. ಮಂಜಿ ಅಡಿ ಬಿರ್ದಿತಾ ಅಂದ."

ಅವಳ ಕೈ ಹಲಗೆಯ ಮೇಲೆ ನಿಂತಿತು. "ನನ್ನ್ ಕೇಂಡ್ನಾ?"

ಕೇಳಿದ ಎಂದು ಹೇಳಬಹುದಿತ್ತು. ಮುದುಕಿ, ಇನ್ನೆಷ್ಟು ದಿನ ಎಂದು ಯಾರಾದರೂ ಹೇಳುತ್ತಿದ್ದರು. ನಾನೂ ಆ ಮನೆಯಲ್ಲೇ ಬೆಳೆದವಳು.

"ಇಲ್ಲೆ" ಅಂದೆ.

ಅವಳು ಸಿಪ್ಪೆಯನ್ನು ಎಣ್ಣೆಗೆ ಅದ್ದಿದಳು. ಮಡಕೆ ಬರಿದಾಗುವವರೆಗೆ ಬಳಿದಳು. ಆಮೇಲೆ ಒದ್ದೆ ಹಲಗೆಗೆ ಹಣೆ ಆನಿಸಿ ನಿಂತಳು. ಅಳುತ್ತಿದ್ದಳೋ ಏನೋ, ನಾನು ಆ ಕಡೆ ಹೋಗಿ ಅವಳ ಮುಖ ನೋಡಲಿಲ್ಲ. ನಮ್ಮ ಮನೆಯಲ್ಲಿ ಹಾಗೆ ಯಾರೂ ಯಾರನ್ನೂ ಹೋಗಿ ನೋಡುತ್ತಿರಲಿಲ್ಲ.